ತುಮಕೂರಿನಲ್ಲಿ ಅಪ್ಪನಿಗೆ ತೆಗೆದುಕೊಂಡ ಕಿವಿ ಮೆಷಿನ್: ಕಿವಿ ಒಳಗಿನದಾ, ಹಿಂದಿನದಾ?

ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರಿಗೆ ಹಿಯರಿಂಗ್ ಏಡ್ ಕೊಡಿಸುವವರು "ಹೊರಗೆ ಕಾಣಿಸಬಾರದು, ಅಂಥದ್ದು ತೋರಿಸಿ" ಅಂತ ಮಾತು ಶುರು ಮಾಡಬೇಡಿ. ನಮ್ಮ ಕಡೆ ಎಲ್ಲರೂ ಮೊದಲು ಕೇಳೋದು ಅದನ್ನೇ. ನಮ್ಮಪ್ಪನೂ ಅದನ್ನೇ ಕೇಳಿದರು. ಗುಬ್ಬಿ ಹತ್ತಿರ ನಮ್ಮದು ತೆಂಗು, ಅಡಿಕೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಈಗಲೂ ದಿನಾ ತೋಟಕ್ಕೆ ಹೋಗುತ್ತಾರೆ, ಮದುವೆ, ತಿಥಿ, ನ್ಯಾಯ ಪಂಚಾಯ್ತಿ ಅಂತ ಎಲ್ಲ ಕಡೆ ಇರಬೇಕಾದ ಮನುಷ್ಯ. ಕಿವಿ ಹಿಂದೆ ಮೆಷಿನ್ ಸಿಕ್ಕಿಸಿಕೊಂಡು ಹೋದರೆ ಊರಲ್ಲಿ ಕಿವುಡ ಅಂತಾರೆ ಅನ್ನೋದು ಅವರ ಸಂಕಟ. ಸುಳ್ಳಲ್ಲ, ಹಾಗೆ ಅನ್ನುವವರು ಇದ್ದಾರೆ. ಆದರೆ ಮೆಷಿನ್ ಇಲ್ಲದೆ, ಕೇಳಿದ್ದೊಂದು ಹೇಳಿದ್ದೊಂದು ಆಗುವಾಗಲೂ ಅದನ್ನೇ ಅನ್ನುತ್ತಾರೆ, ಅಲ್ವಾ?

ಅಂಗಡಿಗೆ ಹೋಗುವ ಮುಂಚೆ ಕಿವಿ ಡಾಕ್ಟರಿಗೆ ತೋರಿಸಿ. ಇದು ಸುಮ್ನೆ ಹೇಳುವ ಮಾತಲ್ಲ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕಿವಿ ಮಂದವಾಗುತ್ತದೆ, ತೆಗೆಸಿದರೆ ಎಷ್ಟೋ ಜನಕ್ಕೆ ಅಷ್ಟಕ್ಕೇ ಸರಿಹೋಗುತ್ತದೆ. ಕಿವಿ ಸೋರುತ್ತಿದ್ದರೆ ಮೊದಲು ಔಷಧಿ ಆಗಬೇಕು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಂತಾದರೆ ಅದು ತುರ್ತು, ನಾಳೆ ನೋಡೋಣ ಅನ್ನಬಾರದು. ಅಪ್ಪನಿಗೂ ಎರಡೂ ಕಿವಿಯಲ್ಲಿ ಗುಗ್ಗೆ ಇತ್ತು. ಅದನ್ನು ತೆಗೆದ ಮೇಲೇ ಪರೀಕ್ಷೆ ಮಾಡಿದ್ದು.

ಪರೀಕ್ಷೆ ಅಂದರೆ ಸದ್ದು ಒಳಗೆ ಬರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೇರೆ ಬೇರೆ ಸ್ವರ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿ ಅನ್ನುತ್ತಾರೆ. ಕೊನೆಗೆ ಒಂದು ಗ್ರಾಫ್ ಕೊಡುತ್ತಾರೆ, ಅದೇ ಆಡಿಯೋಗ್ರಾಮ್. ಸದ್ದು ಎಷ್ಟು ಜೋರಾದರೆ ಕೇಳಿಸುತ್ತದೆ ಅನ್ನೋದು ಅದರಲ್ಲಿ ಡೆಸಿಬಲ್ ಲೆಕ್ಕದಲ್ಲಿ ಇರುತ್ತದೆ. ಸುಮಾರು 25 ಡೆಸಿಬಲ್‌ವರೆಗೆ ಇದ್ದರೆ ತೊಂದರೆ ಇಲ್ಲ, 40ರವರೆಗೆ ಸ್ವಲ್ಪ ಮಂದ, ಅಲ್ಲಿಂದ 70ರವರೆಗೆ ಮಧ್ಯಮ, 70 ದಾಟಿದರೆ ಜಾಸ್ತಿ, 90 ದಾಟಿದರೆ ತೀರಾ ಜಾಸ್ತಿ ಅಂತ ಲೆಕ್ಕ. ಅಪ್ಪನಿಗೆ ಬಲಗಡೆ 55, ಎಡಗಡೆ 60ರ ಹತ್ತಿರ ಬಂತು. ಅದರಲ್ಲೂ ಕೀಚು ಸ್ವರಗಳೇ ಹೆಚ್ಚು ಹೋಗಿದ್ದವು. ವಯಸ್ಸಾದವರಿಗೆ ಸಾಮಾನ್ಯವಾಗಿ ಆಗೋದು ಹೀಗೇ. ದಪ್ಪ ಸದ್ದು ಕೇಳಿಸುತ್ತದೆ, ಸ, ಶ, ತ, ಕ ಅನ್ನುವಂಥ ಅಕ್ಷರಗಳು ತಪ್ಪಿಹೋಗುತ್ತವೆ. "ಕಾಯಿ" ಅಂದರೆ "ತಾಯಿ"ನಾ ಅಂತ ಕೇಳುತ್ತಿದ್ದದ್ದು ಅದಕ್ಕೇ. "ನೀವು ಮಾತಾಡೋದು ಕೇಳಿಸುತ್ತೆ, ಏನು ಅಂತ ಗೊತ್ತಾಗಲ್ಲ" ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ ನಾಟಕ ಅಂದುಕೊಳ್ಳಬೇಡಿ, ಅದು ನಿಜ.

ನಾವು ತೆಗೆದುಕೊಂಡಿದ್ದು ಬಿ.ಎಚ್. ರಸ್ತೆ ಕಡೆಯ ಒಂದು ಸೆಂಟರ್‌ನಲ್ಲಿ. ಅಂಗಡಿ ಹೆಸರು, ಕಂಪನಿ ಹೆಸರು ಎರಡೂ ಹಾಕುತ್ತಿಲ್ಲ, ಹಾಕಿದರೆ ಜಾಹೀರಾತು ಆಗಿಬಿಡುತ್ತದೆ. ಮತ್ತೆ, ಬ್ರ್ಯಾಂಡ್‌ಗಿಂತ ಯಾವ ಮಾದರಿ ಅನ್ನೋದೇ ಮುಖ್ಯ ಅಂತ ನನಗೆ ಅಲ್ಲೇ ಗೊತ್ತಾಗಿದ್ದು. ಇದಕ್ಕೂ ಮೊದಲು ಇನ್ನೊಂದು ಕಡೆ ವಿಚಾರಿಸಿದ್ದೆವು. ಅವರು ರಿಪೋರ್ಟ್ ಬಿಚ್ಚಿಯೂ ನೋಡದೆ, ಪೂರ್ತಿ ಕಿವಿಯೊಳಗೆ ಕೂರುವ ಪುಟ್ಟದನ್ನು ಮುಂದಿಟ್ಟು ಡಿಸ್ಕೌಂಟ್ ಮಾತಾಡಿದರು. ಎದ್ದು ಬಂದೆವು.

ಇಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡಿ ಮೆಷಿನ್ ಹೊಂದಿಸುವ ಹುಡುಗಿ, ಮಾಡಿದ್ದು ನನಗೆ ತುಂಬ ಹಿಡಿಸಿತು. ಬೆಲೆ ಹೇಳಲಿಲ್ಲ, ಕಂಪನಿ ಹೇಳಲಿಲ್ಲ. ಮೆಷಿನ್‌ಗೆ ಹಾಕುವ ಎರಡು ಸೆಲ್ ತಂದು ಅಪ್ಪನ ಅಂಗೈ ಮೇಲೆ ಇಟ್ಟಳು. "ಯಜಮಾನ್ರೇ, ಇದನ್ನ ತೆಗೆದು ಹಾಕಿ ನೋಡನ" ಅಂದಳು. ಒಂದು 10ನೇ ನಂಬರಿನದು, ಹಳದಿ ಸ್ಟಿಕ್ಕರ್, ಅಗಲ ಆರು ಮಿಲಿಮೀಟರ್ ಕೂಡ ಇಲ್ಲ. ಕಿವಿ ಒಳಗೆ ಕೂರುವ ಪುಟ್ಟ ಮೆಷಿನ್‌ಗಳಿಗೆ ಸಾಮಾನ್ಯವಾಗಿ ಹಾಕೋದು ಅದನ್ನೇ. ಇನ್ನೊಂದು 13ನೇ ನಂಬರ್, ಕಿತ್ತಳೆ ಸ್ಟಿಕ್ಕರ್, ಎಂಟು ಮಿಲಿಮೀಟರ್ ಹತ್ತಿರ ಅಗಲ, ದಪ್ಪವೂ ಜಾಸ್ತಿ. ಅಪ್ಪನ ಬೆರಳುಗಳು ವರ್ಷಾನುಗಟ್ಟಲೆ ಕಾಯಿ ಸುಲಿದು ಜಡ್ಡುಗಟ್ಟಿವೆ, ಬೆರಳ ತುದಿಯಲ್ಲಿ ಸ್ಪರ್ಶವೇ ಕಮ್ಮಿ. ಹಳದಿಯದು ಎರಡು ಸಲ ಜಾರಿ ಟೇಬಲ್ ಕೆಳಗೆ ಬಿತ್ತು. ಕಿತ್ತಳೆಯದನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ತಿರುಗಿಸಿ, ಪುಟ್ಟ ಬಾಗಿಲಿಗೆ ಕೂರಿಸಿ, ಟಕ್ ಅಂತ ಮುಚ್ಚಿದರು. ಅಲ್ಲಿಗೆ ಅರ್ಧ ತೀರ್ಮಾನ ಆಗಿಹೋಯಿತು. 10ನೇ ನಂಬರ್ ಸೆಲ್ ಒಂದು ವಾರ ಬಂದರೆ ಹೆಚ್ಚು, 13 ಅದರ ಎರಡರಷ್ಟು ಬರುತ್ತದೆ. ಯಾವುದೇ ಆದರೂ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಹಾಕಬೇಕು. ಗಾಳಿ ತಾಗಿದರೇನೇ ಕೆಲಸ ಶುರು ಮಾಡುವ ಸೆಲ್ ಅದು. ಸ್ಟಿಕ್ಕರ್ ಮತ್ತೆ ಅಂಟಿಸಿದರೂ ಉಳಿಯೋದಿಲ್ಲ.

ಒಳಗಿನದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಫೋನ್ ಕಿವಿಗೆ ಎಂದಿನಂತೆ ಹಿಡಿಯಬಹುದು, ಬೈಕ್ ಮೇಲೆ ಹೋಗುವಾಗ ಗಾಳಿ ಸದ್ದು ಕಮ್ಮಿ, ಕನ್ನಡಕಕ್ಕೆ ಅಡ್ಡಿ ಇಲ್ಲ. ಮಂದ ಅಷ್ಟಾಗಿ ಇಲ್ಲದ, ಕೈ ಚುರುಕಾಗಿರುವ, ಆಫೀಸಲ್ಲಿ ಕೂತು ಕೆಲಸ ಮಾಡುವವರಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಗುಗ್ಗೆ, ಬೆವರು ಎರಡೂ ನೇರ ಅದರೊಳಕ್ಕೇ ಹೋಗುತ್ತವೆ. ತೀರಾ ಪುಟ್ಟದ್ದರಲ್ಲಿ ಎರಡು ಮೈಕ್ ಹಿಡಿಸೋದು ಕಷ್ಟ, ಹಾಗಾಗಿ ಗದ್ದಲದಲ್ಲಿ ಎದುರಿಗಿರುವವರ ಮಾತನ್ನು ಎತ್ತಿ ಕೊಡುವ ವ್ಯವಸ್ಥೆ ಹೆಚ್ಚಿನವಕ್ಕೆ ಇರೋದಿಲ್ಲ. ಕಿವಿ ಪೂರ್ತಿ ಮುಚ್ಚಿಕೊಳ್ಳೋದು ಇನ್ನೊಂದು ತೊಂದರೆ. ಅಪ್ಪ ಒಂದನ್ನು ಹಾಕಿ ನೋಡಿದಾಗ ಮೊದಲು ಹೇಳಿದ್ದೇ "ಬಿಂದಿಗೆ ಒಳಗೆ ಬಾಯಿಟ್ಟು ಮಾತಾಡಿದಂಗೆ ಆಯ್ತದೆ ತಾಯೀ, ನನ್ನ ದನಿ ನನಗೇ ಗೊತ್ತಾಗವಲ್ದು" ಅಂತ.

ಆಮೇಲೆ ತೋರಿಸಿದ್ದು ಈಗ ಎಲ್ಲ ಕಡೆ ಓಡುತ್ತಿರುವ ಮಾದರಿ, ಆರ್‌ಐಸಿ ಅನ್ನುತ್ತಾರೆ. ಮೆಷಿನ್ ಕಿವಿ ಹಿಂದೆ, ಸಣ್ಣ ತಂತಿ, ಸ್ಪೀಕರ್ ಮಾತ್ರ ಕಿವಿಯೊಳಗೆ, ಅದರ ತುದಿಗೆ ಮೆತ್ತನೆಯ ರಬ್ಬರ್ ಡೋಮ್. ಕೇಳಿಸಿದ್ದು ತುಂಬ ಚೆನ್ನಾಗಿತ್ತು, ನೋಡುವುದಕ್ಕೂ ಚಂದ. ಕೀಚು ಸ್ವರ ಮಾತ್ರ ಹೋಗಿದ್ದು ಉಳಿದದ್ದು ಸರಿ ಇರುವವರಿಗೆ, ತೂತು ಇರುವ ಡೋಮ್ ಹಾಕಿದರೆ ಕಿವಿ ಮುಚ್ಚಿದ ಹಾಗೇ ಅನ್ನಿಸೋದಿಲ್ಲ. ಪೇಟೆಯಲ್ಲಿರುವ, ಬೆವರು, ಗುಗ್ಗೆ ಕಮ್ಮಿ ಇರುವವರಾದರೆ ನಾನು ಇದನ್ನೇ ಹೇಳುತ್ತಿದ್ದೆ. ಅಪ್ಪನಿಗೆ ಬೇಡ ಅಂದದ್ದು ಗುಗ್ಗೆ ಕಾರಣಕ್ಕೆ. ಸ್ಪೀಕರ್ ಕಿವಿಯೊಳಗೇ ಇರುವುದರಿಂದ ಅದರ ಜಾಲರಿಗೆ ಗುಗ್ಗೆ ಕಟ್ಟಿಕೊಂಡರೆ ಸದ್ದು ನಿಂತುಹೋಗುತ್ತದೆ. ಆ ಪುಟ್ಟ ಜಾಲರಿ ಬದಲಾಯಿಸುವ ಕೆಲಸ ಹಳ್ಳಿ ಮನೆಯಲ್ಲಿ ಅಮ್ಮನಿಂದಲೂ ಆಗೋದಿಲ್ಲ, ಅಪ್ಪನಿಂದಲೂ ಆಗೋದಿಲ್ಲ.

ಕೊನೆಗೆ ತೆಗೆದುಕೊಂಡಿದ್ದು ಹಳೇ ಕಾಲದ್ದು ಅಂತ ಎಲ್ಲರೂ ಮೂಗು ಮುರಿಯುವ, ಕಿವಿ ಹಿಂದೆ ಕೂರುವ ಬಿಟಿಇ, ಕಿವಿಗೆ ಅಚ್ಚು ಮಾಡಿಸಿದ್ದು. ಅಚ್ಚು ತೆಗೆಯೋದು ನೋಡುವಂತಿತ್ತು. ದಾರ ಕಟ್ಟಿದ ಸಣ್ಣ ಸ್ಪಂಜನ್ನು ಕಿವಿಯೊಳಗೆ ತಡೆಯಾಗಿ ಇಟ್ಟು, ಮೆತ್ತನೆಯ ಪೇಸ್ಟನ್ನು ಸಿರಿಂಜಿನಿಂದ ತುಂಬಿದರು. ಅಪ್ಪ ತಣ್ಣಗಾಯ್ತು ಅಂತ ಭುಜ ಎತ್ತಿದರು. ಸ್ವಲ್ಪ ಹೊತ್ತಲ್ಲೇ ಗಟ್ಟಿಯಾಯಿತು, ಮೆಲ್ಲಗೆ ತಿರುಚಿ ಎಳೆದರೆ ಕಿವಿಯ ಒಳಗಿನ ಪೂರ್ತಿ ಆಕಾರ ಕೈಗೆ ಬಂತು. ಅದರ ಮೇಲೆ ಅಚ್ಚು ತಯಾರಾಗಿ ಬರಲು ಕೆಲವು ದಿನ ಕಾಯಬೇಕು. ಕಾದದ್ದಕ್ಕೆ ಸಾರ್ಥಕ. ಅಚ್ಚಿನಲ್ಲಿ ಗಾಳಿಯಾಡಲು ಸಣ್ಣ ತೂತು ಬಿಟ್ಟಿದ್ದಾರೆ, ಬಿಂದಿಗೆ ತೊಂದರೆ ಮುಕ್ಕಾಲು ಹೋಯಿತು. ಮೆಷಿನ್‌ನಿಂದ ಬಿಡಿಸಿ ಅಚ್ಚನ್ನು ಮಾತ್ರ ಸೋಪಿನ ನೀರಲ್ಲಿ ತೊಳೆಯಬಹುದು, ಪೂರ್ತಿ ಒಣಗಿಸಿ ಮತ್ತೆ ಸೇರಿಸೋದು. ಎಲೆಕ್ಟ್ರಾನಿಕ್ ಭಾಗವೆಲ್ಲ ಕಿವಿ ಹೊರಗೇ ಇರುವುದರಿಂದ ಗುಗ್ಗೆಯ ಕಾಟ ಅದಕ್ಕಿಲ್ಲ.

ಬಿಟಿಇಗೂ ಕೊರತೆ ಇದೆ. ಅಪ್ಪ ತೋಟದಲ್ಲಿ ತಲೆಗೆ ಟವೆಲ್ ಸುತ್ತುತ್ತಾರೆ, ಅದು ಮೈಕಿಗೆ ಉಜ್ಜಿದರೆ ಪರಪರ ಸದ್ದು, ಮುಚ್ಚಿಕೊಂಡರೆ ಕುಂಯ್ ಅಂತ ಸೀಟಿ. ಈಗ ಟವೆಲನ್ನು ಕಿವಿ ಮೇಲಕ್ಕೆ ಕಟ್ಟುತ್ತಾರೆ. ಫೋನನ್ನು ಕಿವಿ ತೂತಿಗೆ ಹಿಡಿದರೆ ಕೇಳಿಸೋದಿಲ್ಲ, ಮೈಕ್ ಇರೋದು ಕಿವಿ ಮೇಲೆ, ಸ್ವಲ್ಪ ಎತ್ತಿ ಹಿಡಿಯಬೇಕು. ಇದನ್ನು ಅಭ್ಯಾಸ ಮಾಡಿಸುವುದಕ್ಕೆ ಸಾಕಷ್ಟು ತಾಳ್ಮೆ ಬೇಕಾಯಿತು. ಕನ್ನಡಕ ತೆಗೆಯುವಾಗ ಮೆಷಿನ್ನೂ ಜೊತೆಗೆ ಕಿತ್ತು ಬರಬಹುದು. ಮೆಷಿನ್‌ನಿಂದ ಅಚ್ಚಿಗೆ ಸದ್ದು ಒಯ್ಯುವ ಟ್ಯೂಬಲ್ಲಿ ಬೆವರಿನ ತೇವ ಹನಿಯಾಗಿ ನಿಲ್ಲುತ್ತದೆ, ಅದಕ್ಕೆ ಊದುವ ರಬ್ಬರ್ ಬಲ್ಬ್ ಕೊಟ್ಟಿದ್ದಾರೆ. ರಾತ್ರಿ ಸೆಲ್ ಬಾಗಿಲು ತೆರೆದು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಬೇಕು. ಟ್ಯೂಬ್ ಕೆಲವು ತಿಂಗಳಿಗೆ ಗಟ್ಟಿಯಾಗಿ ಹಳದಿ ತಿರುಗುತ್ತದೆ, ಆಗ ಬದಲಾಯಿಸಬೇಕು.

ಕೇಳಿಸುವ ವಿಷಯಕ್ಕೆ ಬಂದರೆ, ಮನೆಯೊಳಗಿನ ಮಾತು, ಟಿವಿ, ದೇವಸ್ಥಾನದ ಕಟ್ಟೆ ಮೇಲಿನ ಹರಟೆ ಎಲ್ಲ ಚೆನ್ನಾಗಿ ಸಿಗುತ್ತಿದೆ. ಮೊಮ್ಮಗಳ ಕೀಚು ದನಿ ಕೇಳಿಸುತ್ತದೆ ಅನ್ನೋದೇ ಅಪ್ಪನಿಗೆ ದೊಡ್ಡ ಸಂತೋಷ, ನನಗೂ. ಛತ್ರದಲ್ಲಿ ವಾಲಗ ಶುರುವಾದರೆ ಈಗಲೂ ಕಷ್ಟ. ಬಸ್ ಸ್ಟ್ಯಾಂಡಿನಲ್ಲೂ ಕಷ್ಟ. ಯಾವ ಮೆಷಿನ್ನೂ ಹಳೇ ಕಿವಿಯನ್ನು ವಾಪಸ್ ಕೊಡೋದಿಲ್ಲ, ಹಾಗೆ ಹೇಳಿ ಮಾರುವವರನ್ನು ನಂಬಬೇಡಿ. ಮೊದಮೊದಲು ಪಾತ್ರೆ ಸದ್ದು, ಫ್ಯಾನ್ ಸದ್ದು ಎಲ್ಲ ಜೋರು ಅನ್ನಿಸಿ ಕಿತ್ತಿಡುತ್ತಾರೆ. ಆಗ ಬೈಯಬೇಡಿ. ದಿನಕ್ಕೆ ಸ್ವಲ್ಪ ಹೊತ್ತು ಹಾಕಿಸಿ, ನಿಧಾನಕ್ಕೆ ಹೆಚ್ಚಿಸಿ, ಜೋರು ಅನ್ನಿಸಿದರೆ ಸೆಂಟರ್‌ಗೆ ಹೋಗಿ ಸೆಟ್ಟಿಂಗ್ ಇಳಿಸಿಕೊಂಡು ಬನ್ನಿ.

ಬೆಲೆ ಒಂದಕ್ಕೆ 28,000 ರೂಪಾಯಿ, ಎರಡೂ ಕಿವಿಗೆ ತೆಗೆದುಕೊಂಡೆವು. ಎರಡೂ ಕಡೆ ಇದ್ದರೆ ಯಾರು ಯಾವ ಕಡೆಯಿಂದ ಕೂಗಿದರು ಅಂತ ಗೊತ್ತಾಗುತ್ತದೆ, ರಸ್ತೆ ದಾಟುವವರಿಗೆ ಅದು ಬೇಕೇ ಬೇಕು. ಚಾರ್ಜ್ ಮಾಡುವ ಮಾದರಿಗೆ ಇನ್ನೂ ಜಾಸ್ತಿ ಹೇಳಿದರು. 13ನೇ ನಂಬರ್ ಸೆಲ್ ಕೂಡ ಹಾಕೋಕಾಗದಷ್ಟು ಕೈ ನಡುಗುವವರಿದ್ದರೆ ಅದೇ ಸರಿ, ರಾತ್ರಿ ಡಬ್ಬಿಯಲ್ಲಿಟ್ಟರೆ ಮುಗಿಯಿತು. ದುಡ್ಡಿನ ತಾಪತ್ರಯ ಇರುವವರು ಸರ್ಕಾರದ್ದನ್ನು ವಿಚಾರಿಸಿ. ಅಂಗವಿಕಲರಿಗೆ ಅಡಿಪ್ ಯೋಜನೆ ಇದೆ, 60 ದಾಟಿದ ಬಡವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ, ಎರಡರಲ್ಲೂ ಹಿಯರಿಂಗ್ ಏಡ್ ಕೊಡುತ್ತಾರೆ. ಮಕ್ಕಳ ವಿಷಯವಾದರೆ, ಅಥವಾ ತೀರಾ ಜಾಸ್ತಿ ಕಿವುಡಾದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬನ್ನಿ. ಜೇಬಿನಲ್ಲಿಟ್ಟು ವೈರ್ ಎಳೆಯುವ ಪಾಕೆಟ್ ಮೆಷಿನ್ ಅಗ್ಗ, ಗುಂಡಿ ದೊಡ್ಡದು, ಆದರೆ ಅಂಗಿ ಉಜ್ಜುವ ಸದ್ದೇ ಜಾಸ್ತಿ ಕೇಳಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ.

ಸೆಂಟರ್ ಬಗ್ಗೆ ನನ್ನ ತಕರಾರು ಎರಡು. ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಬರುವವರೆಲ್ಲ ಮಂಡಿನೋವಿನ ವಯಸ್ಸಿನವರು, ಇದು ಸರಿಯಲ್ಲ. ಆಡಿಯಾಲಜಿಸ್ಟ್ ವಾರದ ಎಲ್ಲ ದಿನ ಇರೋದಿಲ್ಲ, ಫೋನ್ ಮಾಡದೆ ಹೋದರೆ ಶಿರಾ, ಪಾವಗಡದಿಂದ ಬರುವವರಿಗೆ ದಿನವೆಲ್ಲ ದಂಡ. ಉಳಿದಂತೆ ಪರೀಕ್ಷೆ, ತಾಳ್ಮೆ, ಆಮೇಲಿನ ಸೆಟ್ಟಿಂಗ್ ಎಲ್ಲದಕ್ಕೂ ಪೂರ್ತಿ ಅಂಕ ಕೊಡುತ್ತೇನೆ.

ದುಡ್ಡು ಕೊಡುವ ಮುಂಚೆ ಅಚ್ಚಿಗೆ ಬೇರೆ ಚಾರ್ಜ್ ಇದೆಯಾ, ಸೆಟ್ಟಿಂಗ್ ಎಷ್ಟು ದಿನದವರೆಗೆ ಫ್ರೀ, ರಿಪೇರಿಗೆ ಕಳಿಸಿದರೆ ಅಷ್ಟು ದಿನಕ್ಕೆ ಬದಲಿ ಮೆಷಿನ್ ಕೊಡುತ್ತಾರಾ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ, ಯಾರಾದರೂ ಸೇರಿಸಿದ್ದರೆ ಯಾಕೆ ಅಂತ ಕೇಳಿ. ಆಡಿಯೋಗ್ರಾಮ್‌ನ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ, ಮುಂದಿನ ವರ್ಷ ಮತ್ತೆ ಪರೀಕ್ಷೆ ಮಾಡಿಸಿದಾಗ ಕಿವಿ ಎಷ್ಟು ಇಳಿದಿದೆ ಅಂತ ಹೋಲಿಸಿ ನೋಡುವುದಕ್ಕೆ ಅದು ಬೇಕಾಗುತ್ತದೆ.