ಹಳೇ ಮಿಯಾಟಾ ಕಾರಿನಲ್ಲಿ ಆರು ವರ್ಷ ರೊಟೆಲ್ಲಾ ಟಿ6 ಇಂಜಿನ್ ಆಯಿಲ್

ನನ್ನದು 1991ರ ಮಾಜ್ದಾ ಮಿಯಾಟಾ, ಎರಡು ಸೀಟಿನ ಸ್ಪೋರ್ಟ್ಸ್ ಕಾರು. 1.6 ಲೀಟರ್ ಇಂಜಿನ್, 116 ಹಾರ್ಸ್‌ಪವರ್. 2017ರಲ್ಲಿ ಡಲ್ಲಾಸ್‌ನಲ್ಲಿ ಕೊಂಡಾಗಲೇ 94,000 ಮೈಲಿ ಓಡಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗೆ ಯಾರೋ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಹಾಗೆ ಟಕಟಕಟಕ. ಹತ್ತು ನಿಮಿಷ ಓಡಿಸಿದ ಮೇಲೆ ಕಮ್ಮಿಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ.

ಸಾಗರಕ್ಕೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಕೇಳಿಸಿದೆ. "ದಪ್ಪ ಆಯಿಲ್ ಹಾಕೋ, ಸುಮ್ನಾಗುತ್ತೆ" ಅಂದರು. ಅವರದ್ದೆಲ್ಲ ಪ್ರೀಮಿಯರ್ ಪದ್ಮಿನಿ, 20ಡಬ್ಲ್ಯು-40 ಅನ್ನುವ ದಪ್ಪ ಆಯಿಲ್ ಕಾಲದ ಅನುಭವ. ಅರ್ಧ ಸರಿಯಾಗಿಯೇ ಹೇಳಿದ್ದರು.

ಈ ಇಂಜಿನ್‌ನ 16 ವಾಲ್ವ್‌ಗಳ ಮೇಲೂ ಹೈಡ್ರಾಲಿಕ್ ಲಿಫ್ಟರ್ ಇದೆ. ಒಳಗೆ ಆಯಿಲ್ ತುಂಬಿಕೊಂಡು, ವಾಲ್ವ್ ಒತ್ತಿ ತೆರೆಯುವ ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಸಂದು ಮುಚ್ಚುವುದು ಅದರ ಕೆಲಸ. ಅದರ ಸಣ್ಣ ತೂತಿನಲ್ಲಿ ಜಿಡ್ಡು ಕಟ್ಟಿದರೆ, ಗಾಳಿ ಸೇರಿದರೆ ಈ ಸದ್ದು. 1999ರ ಮಾದರಿಯಲ್ಲಿ ಮಾಜ್ದಾ ಇದನ್ನು ಬಿಟ್ಟು ಒಳಗೆ ಆಯಿಲ್ ತುಂಬಿಕೊಳ್ಳದ ಗಟ್ಟಿ ಲಿಫ್ಟರ್ ಹಾಕಿತು. ಆ ಕಾರು ಇದ್ದವರಿಗೆ ಈ ತಲೆನೋವಿಲ್ಲ.

ಮೊದಲು ಒಂದು ಸಾಮಾನ್ಯ 10ಡಬ್ಲ್ಯು-30, ಆಮೇಲೆ ಒಂದು ದುಬಾರಿ 5ಡಬ್ಲ್ಯು-30 ಸಿಂಥೆಟಿಕ್ ಹಾಕಿ ನೋಡಿದೆ. ಸದ್ದು ಹಾಗೇ ಇತ್ತು. 2018ರಲ್ಲಿ ಶೆಲ್ ರೊಟೆಲ್ಲಾ ಟಿ6, 5ಡಬ್ಲ್ಯು-40 ತಂದೆ. ಇದು ಡೀಸೆಲ್ ಲಾರಿಗಳಿಗೆ ಮಾಡಿದ ಸಿಂಥೆಟಿಕ್ ಆಯಿಲ್. ಆದರೂ ಹಳೇ ಮಿಯಾಟಾ ಇಟ್ಟುಕೊಂಡವರಲ್ಲಿ ಇದರ ಹೆಸರು ಆಗಲೇ ಓಡಾಡುತ್ತಿತ್ತು. ಜಿಡ್ಡು ತೊಳೆಯುವ ಗುಣ ಜಾಸ್ತಿ, ಬಿಸಿಯಾದಾಗ ಬೇಗ ತೆಳುವಾಗುವುದಿಲ್ಲ.

ಮೊದಲ ಸಲ ಹಾಕಿದಾಗ ಏನೂ ಆಗಲಿಲ್ಲ. ಸಾವಿರ ಮೈಲಿಗೆ ಬಸಿದೆ, ಕಾಫಿ ಡಿಕಾಕ್ಷನ್‌ಗಿಂತ ಕಪ್ಪಗಿತ್ತು. ಎರಡನೇ ಸಲ ಹಾಕಿ ಮೂರು ವಾರವಾದ ಮೇಲೆ ಒಂದು ಬೆಳಗ್ಗೆ ಗಮನಿಸಿದೆ, ಸದ್ದು ಅರ್ಧ ನಿಮಿಷಕ್ಕೇ ನಿಂತಿತು. 1991ರ ಕಾರಿನಲ್ಲಿ ಆಯಿಲ್ ಪ್ರೆಷರ್ ಮೀಟರ್ ನಿಜವಾದದ್ದು, ಆಮೇಲಿನ ಮಾದರಿಗಳ ಹಾಗೆ ತೋರಿಕೆಗೆ ಇಟ್ಟದ್ದಲ್ಲ. ಆಗಸ್ಟ್‌ನ 40 ಡಿಗ್ರಿ ಬಿಸಿಲಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಅದರ ಮುಳ್ಳು ಮೊದಲಿಗಿಂತ ಮೇಲೆಯೇ ಇರುತ್ತದೆ.

ಹಾಗಂತ ದಪ್ಪವೇ ಒಳ್ಳೆಯದು ಅಂತಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತಲ್ಲ, ಡಲ್ಲಾಸ್‌ನಲ್ಲಿ ಮೈನಸ್ 19ರ ಹತ್ತಿರ ಹೋಗಿತ್ತು. ಮನೆಯಲ್ಲಿ ಕರೆಂಟಿಲ್ಲ, ಕಾರು ಮಾತ್ರ ಸ್ಟಾರ್ಟ್ ಆಯಿತು. ಅಪ್ಪನ 20ಡಬ್ಲ್ಯು-40 ಇದ್ದಿದ್ದರೆ ಒಳಗೆ ಜೋನಿ ಬೆಲ್ಲ! ಮೊದಲಿನ ಅಂಕಿ ಚಳಿಗೆ, ಕೊನೆಯದು ಬಿಸಿಗೆ. ಹಳೇ ಕಾರಿಗೆ ಎರಡೂ ನೋಡಬೇಕು.

ಟಿ6 ಹಾಕಿದ ಮೇಲೆ ನೆಲಕ್ಕೆ ಆಯಿಲ್ ತೊಟ್ಟಿಕ್ಕಲು ಶುರುವಾಯಿತು. ಸಿಂಥೆಟಿಕ್ ಹಾಕಿದ್ದೇ ತಪ್ಪು ಅಂದುಕೊಂಡೆ. ಒಂದು ಗ್ಯಾರೇಜಿನವರು ಇಂಜಿನ್ ಹಿಂದಿನ ದೊಡ್ಡ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 1,200 ಡಾಲರ್ ಅಂದರು. ಮನೆಗೆ ಬಂದು ಸಿಲಿಂಡರ್ ಹೆಡ್ ಹಿಂದೆ ಕೈ ಹಾಕಿ ಬೆರಳಾಡಿಸಿದೆ. ಕ್ಯಾಮ್ ಎಷ್ಟು ತಿರುಗಿದೆ ಅಂತ ತಿಳಿಸುವ ಕ್ಯಾಮ್ ಆಂಗಲ್ ಸೆನ್ಸರ್ ಕೆಳಗೆ ಒದ್ದೆ. ಅದರ ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕೆಲವೇ ಡಾಲರ್‌ನ ರಬ್ಬರ್ ಉಂಗುರ ಅಷ್ಟೇ. ಸೆನ್ಸರ್ ಬಿಚ್ಚುವ ಮುಂಚೆ ಅದು ಕೂತಿರುವ ಜಾಗಕ್ಕೆ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಇಗ್ನಿಷನ್ ಟೈಮಿಂಗ್ ಕೆಡುತ್ತದೆ. ಸೋರುವುದು ನಿಂತಿತು, ಆಯಿಲ್ ಮೇಲಿನ ಆರೋಪವೂ ಹೋಯಿತು.

ಸವಕಳಿ ತಡೆಯಲು ಬೆರೆಸುವ ಸತು-ರಂಜಕ ಇಂಥ ಡೀಸೆಲ್ ಆಯಿಲ್‌ಗಳಲ್ಲಿ ಜಾಸ್ತಿ. ಈಗಿನ 5ಡಬ್ಲ್ಯು-30 ಪೆಟ್ರೋಲ್ ಆಯಿಲ್‌ಗಳಲ್ಲಿ ರಂಜಕಕ್ಕೆ 0.08 ಶೇಕಡಾ ಮಿತಿ ಇದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದು ಅಂತ. ನಿಮ್ಮ ಇಂಜಿನ್ ಆಯಿಲನ್ನು ಕುಡಿದು ಸುಡುತ್ತಿದ್ದರೆ ರಂಜಕ ಕನ್ವರ್ಟರ್‌ಗೇ ಹೋಗುತ್ತದೆ, ಹಾಗಾಗಿ ಟಿ6 ಹಾಕುವ ಮುಂಚೆ ಯೋಚಿಸಿ. ಕ್ಯಾನಿನ ಹಿಂದೆ ಪೆಟ್ರೋಲ್ ಇಂಜಿನ್‌ನ, 'ಎಸ್' ಅಕ್ಷರದಿಂದ ಶುರುವಾಗುವ ದರ್ಜೆ ಬರೆದಿದೆಯಾ ಅಂತಲೂ ನೋಡಿ. ಆಯಿಲ್‌ನ ಮಿಶ್ರಣ ಆಗಾಗ ಬದಲಾಗುತ್ತದೆ.

ಒಂದು ಗ್ಯಾಲನ್ ಕ್ಯಾನ್ ತಂದರೆ ಫಿಲ್ಟರ್ ಸಮೇತ ಬದಲಾಯಿಸಿ ಸ್ವಲ್ಪ ಉಳಿಯುತ್ತದೆ. 3,000 ಮೈಲಿಗೆ ಒಮ್ಮೆ ಬದಲಾಯಿಸುತ್ತೇನೆ. ಫಿಲ್ಟರ್ ಇರುವುದು ಇಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ, ಪ್ರತಿ ಸಲವೂ ಮೊಣಕೈ ತರಚುತ್ತದೆ.

ಮೂರು ವಾರ ನಿಲ್ಲಿಸಿಟ್ಟರೆ ಈಗಲೂ ಎರಡು ನಿಮಿಷ ಟಕಟಕ ಅನ್ನುತ್ತದೆ. ಅಷ್ಟಕ್ಕೆ ಲಿಫ್ಟರ್ ಬದಲಾಯಿಸಲು ನನಗಂತೂ ಮನಸ್ಸಿಲ್ಲ.