ಸಿಟ್ಟಿಗೆ ಯಾವುದು ಮದ್ದು: ಮಾತೋ, ಓಟವೋ, ಉಸಿರೋ, ಚೀಟಿಯೋ?

ಮುಂಬೈಯಲ್ಲಿ ಲೋಕಲ್ ರೈಲು ಹತ್ತಿ ಕೆಲಸಕ್ಕೆ ಹೋಗುವವರಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಿಲ್ಲ. ಲೇಡೀಸ್ ಡಬ್ಬದಲ್ಲಿ ಫೋರ್ತ್ ಸೀಟಿಗೆ, ಅಂದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರಲು, ಜರುಗಿ ಎಂದು ಕೇಳಿದರೆ ಕಿಟಕಿ ಪಕ್ಕದವರು ಕೇಳಿಸಲೇ ಇಲ್ಲ ಎಂಬಂತೆ ಕೂತಿರುತ್ತಾರೆ. ದಾದರಿನಲ್ಲಿ ನಾವು ಇಳಿಯುವ ಮೊದಲೇ ಹತ್ತುವವರು ನುಗ್ಗುತ್ತಾರೆ. ಆ ಸಿಟ್ಟು ಡೊಂಬಿವಲಿಯ ಮನೆವರೆಗೂ ಜೊತೆಗೇ ಬರುತ್ತದೆ, ಮಕ್ಕಳೆದುರು ದನಿ ಏರುತ್ತದೆ. ಅದು ನನಗೆ ಬೇಡವಾಗಿತ್ತು. ಜನ ಹೇಳುವ ನಾಲ್ಕು ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ಎಲ್ಲಕ್ಕಿಂತ ಸುಲಭದ್ದು ಹೇಳಿಕೊಳ್ಳುವುದು. ಉಡುಪಿಯಲ್ಲಿರುವ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಹೇಳುವಾಗ ಹಿತವಾಗಿರುತ್ತದೆ, ನಿಜ. ಆದರೆ ಹೇಳುತ್ತಾ ಹೋದಂತೆ ಎಲ್ಲವೂ ಮತ್ತೆ ಕಣ್ಣೆದುರು ನಡೆಯುತ್ತದೆ, ಎದೆ ಮತ್ತೆ ಹೊಡೆದುಕೊಳ್ಳುತ್ತದೆ. ‘ಎಂಥ ಜನ ಮಾರಾಯ್ತಿ!’ ಎಂದು ಅಕ್ಕನೂ ದನಿ ಸೇರಿಸಿದರೆ ಮುಗಿಯಿತು, ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಂತೆ.

ಓಟದ ಮೇಲೆ ನನಗೆ ತುಂಬ ನಂಬಿಕೆ ಇತ್ತು. ಬೆವರಿಳಿದರೆ ಸಿಟ್ಟೂ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ವಾ? ಆಫೀಸು ಬಿಟ್ಟ ಮೇಲೆ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ಓಡಿದೆ. ಕಾಲು ಸೋತಿತು, ತಲೆಯೊಳಗಿನ ಜಗಳ ನಿಲ್ಲಲಿಲ್ಲ. ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2024ರಲ್ಲಿ ವರದಿ ಮಾಡಿದರು. ಮೈ ಬಿಸಿ ಮಾಡುವ ಕೆಲಸಗಳಿಂದ ಒಟ್ಟಾರೆ ಸಿಟ್ಟು ಇಳಿಯುವುದಿಲ್ಲ, ಜಾಗಿಂಗ್‌ನಿಂದ ಏರುವುದೇ ಜಾಸ್ತಿ. ಉಸಿರಾಟ, ಧ್ಯಾನ, ಯೋಗದಂಥ ಮೈ ತಣಿಸುವ ಕೆಲಸಗಳಿಂದ ಇಳಿಯುತ್ತದೆ. ಆರೋಗ್ಯಕ್ಕೆ ಓಟ ಒಳ್ಳೆಯದೇ. ನಾನು ಈಗ ಬೆಳಿಗ್ಗೆ ಓಡುತ್ತೇನೆ, ಸಿಟ್ಟಿನ ಹೊತ್ತಿನಲ್ಲಿ ಅಲ್ಲ.

ಉಸಿರಿನ ದಾರಿ ರೈಲಿಗೆ ಹೇಳಿ ಮಾಡಿಸಿದ್ದು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದವಿರಬೇಕು. ಕಣ್ಣು ಮುಚ್ಚಬೇಕಿಲ್ಲ, ಜಾಗ ಬೇಕಿಲ್ಲ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಬ್ಯಾಗು, ಸುತ್ತ ಜನ ಒತ್ತುತ್ತಿದ್ದರೂ ಮಾಡಬಹುದು. ಕುರ್ಲಾದಲ್ಲಿ ಶುರು ಮಾಡಿದರೆ ಘಾಟ್ಕೋಪರ್ ಬರುವಷ್ಟರಲ್ಲಿ ದವಡೆ ಸಡಿಲವಾಗಿರುತ್ತದೆ. ಆದರೆ ಸಿಟ್ಟು ಮೊಳೆಯುವಾಗಲೇ ಹಿಡಿಯಬೇಕು. ಪೂರ್ತಿ ಏರಿದ ಮೇಲೆ ಎಣಿಕೆಯೇ ತಪ್ಪುತ್ತದೆ. ದಿನಾ ಅದೇ ಕಾರಣಕ್ಕೆ ಬರುವ ಸಿಟ್ಟಿಗೂ ಇದು ಸಾಲದು. ಉಸಿರು ಮೈಯನ್ನು ತಣಿಸುತ್ತದೆ, ಕಾರಣವನ್ನು ತೆಗೆಯುವುದಿಲ್ಲ.

ಅಲ್ಲಿಗೆ ಚೀಟಿ ಬೇಕು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳ ಬರಹವನ್ನು ಬೇಕೆಂದೇ ಹೀಯಾಳಿಸಿ, ಅನಿಸಿದ್ದನ್ನು ಕಾಗದದ ಮೇಲೆ ಬರೆಯಲು ಹೇಳಿದ್ದರು. ಕಾಗದ ಎಸೆದವರ ಸಿಟ್ಟು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿಯಿತು, ಇಟ್ಟುಕೊಂಡವರದ್ದು ಅಷ್ಟು ಇಳಿಯಲಿಲ್ಲ. ಇದೂ 2024ರಲ್ಲೇ ಪ್ರಕಟವಾಯಿತು. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಸ್ಕೂಟರನ್ನು ಮೆಟ್ಟಿಲಿಗೆ ಅಡ್ಡ ನಿಲ್ಲಿಸುತ್ತಿದ್ದರು. ಹಳೇ ಬಿಲ್ಲಿನ ಹಿಂದೆ ಅವರಿಗೆ ಹೇಳಬೇಕೆನಿಸಿದ್ದನ್ನೆಲ್ಲ ಬರೆದು, ಹರಿದು, ಕಸದ ಬುಟ್ಟಿಗೆ ಹಾಕಿದೆ. ಫೋನಿನಲ್ಲಿ ಬರೆಯಬೇಡಿ, ಬೆರಳು ತಪ್ಪಿದರೆ ಸೊಸೈಟಿ ಗ್ರೂಪಿಗೇ ಹೋಗುತ್ತದೆ! ಬೈಗುಳವೆಲ್ಲ ಬುಟ್ಟಿಗೆ ಹೋದ ಮೇಲೆ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಗಾಡಿ ಮುಂದೆ ನಿಲ್ಲಿಸಬೇಕು. ಮರುದಿನ ಮರಾಠಿಯಲ್ಲಿ ಅಷ್ಟನ್ನೇ ಹೇಳಿದೆ: ‘ಕಾಕಾ, ಗಾಡಿ ಥೋಡಿ ಪುಢೆ ಲಾವಾ.’ ಅವರು ಸುಮ್ನೆ ತಲೆಯಾಡಿಸಿ ಗಾಡಿ ಸರಿಸಿದರು. ಈಗ ಬಹುತೇಕ ದಿನ ಮೆಟ್ಟಿಲು ಖಾಲಿ ಇರುತ್ತದೆ.

ಒಂದನ್ನೇ ಆರಿಸು ಅಂದರೆ ನಾನು ಉಸಿರನ್ನೇ ಆರಿಸುತ್ತೇನೆ, ಎಲ್ಲಿದ್ದರೂ ಕೈಗೆ ಸಿಗುತ್ತದೆ. ಮನೆ, ಆಫೀಸು, ನೆರೆಹೊರೆಯ ಹಳೇ ತಕರಾರಿಗೆ ಮಾತ್ರ ಚೀಟಿಯೇ ಮೇಲು. ಅಕ್ಕನಿಗೆ ಈಗಲೂ ಫೋನ್ ಮಾಡುತ್ತೇನೆ, ಸಿಟ್ಟು ಇಳಿದ ಮೇಲೆ. ಇದೆಲ್ಲ ದಿನನಿತ್ಯದ ಸಿಟ್ಟಿನ ಮಾತು. ಕೈ ಎತ್ತುವಷ್ಟು, ನಿದ್ದೆ ಕೆಡುವಷ್ಟು ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.