ಮೊದಲ ಬೋನ್ಸಾಯ್: ಫೈಕಸ್ಸೋ, ಜೇಡೋ, ಕಾಗದದ ಹೂವೋ?

ಬೆಂಗಳೂರಿನ ನರ್ಸರಿಗೆ ಹೋಗಿ ‘ಬೋನ್ಸಾಯ್ ಇದೆಯಾ?’ ಎಂದು ಕೇಳಿದರೆ ಹೆಚ್ಚಿನ ಕಡೆ ಮೊದಲು ತೋರಿಸುವುದು ಒಂದೇ ಗಿಡ. ಕೆಳಗೆ ಗೆಣಸಿನಂತೆ ಊದಿಕೊಂಡ ಬೇರು, ಮೇಲೆ ಹೊಳೆಯುವ ಎಲೆಗಳ ನಾಲ್ಕು ಗೊಂಚಲು, ಪುಟ್ಟ ಪಿಂಗಾಣಿ ಕುಂಡ. ಹೆಸರು ಜಿನ್ಸೆಂಗ್ ಫೈಕಸ್, ನಮ್ಮ ಆಲ, ಅರಳಿಗಳ ಬಳಗದ್ದೇ. ಅದರ ಹಿಂದೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಬೋನ್ಸಾಯ್ ಎನ್ನುವ ಬೋರ್ಡೇ ಇಲ್ಲದೆ, ಅದಕ್ಕಿಂತ ಒಳ್ಳೆಯ ಗಿಡಗಳು ತುಂಬ ಕಡಿಮೆ ಬೆಲೆಗೆ ನಿಂತಿರುತ್ತವೆ. ಆ ಕಡೆ ಯಾರೂ ಕೈ ತೋರಿಸುವುದಿಲ್ಲ.

ಜಿನ್ಸೆಂಗ್ ಫೈಕಸ್, ಸಾದಾ ಫೈಕಸ್, ಜೇಡ್, ಕಾಗದದ ಹೂ, ಸೂಚಿಪರ್ಣಿ ಬಳಗದ ಜುನಿಪರ್ ಇಷ್ಟನ್ನೂ ನಾನು ಒಂದೇ ಮನೆಯಲ್ಲಿ ಬೆಳೆಸಿ ನೋಡಿದ್ದೇನೆ. ಪೂರ್ವಕ್ಕೆ ತೆರೆದ ಬಾಲ್ಕನಿ, ಮೇಲೆ ಪೂರ್ತಿ ಬಿಸಿಲಿನ ತಾರಸಿ. ಮಣ್ಣು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಗಿಡದ ಗುಣ ಯಾವುದು, ಜಾಗದ ಗುಣ ಯಾವುದು ಎಂದು ಬೇರೆ ಮಾಡಿ ಹೇಳಲು ಸ್ವಲ್ಪ ಧೈರ್ಯ ಬಂದಿದೆ.

ಹೋಲಿಸುವಾಗ ನಾನು ನೋಡುವುದು ‘ಯಾವುದು ಸಾಯುವುದಿಲ್ಲ’ ಎಂಬುದನ್ನಲ್ಲ. ಸಾಯದ ಗಿಡ ಬೇಕಿದ್ದರೆ ಮನಿ ಪ್ಲಾಂಟ್ ಸಾಕು, ಅಲ್ವಾ? ಬೋನ್ಸಾಯ್ ಅಂದರೆ ಕತ್ತರಿ ಹಿಡಿಯುವ ಕೆಲಸ. ಕೊಂಬೆ ಕತ್ತರಿಸಬೇಕು, ತಂತಿ ಸುತ್ತಿ ಬಗ್ಗಿಸಬೇಕು, ಬೇರು ಸವರಬೇಕು. ಪ್ರತಿ ಸಲ ಗಿಡ ಏನು ಮಾಡಿತು ಎಂದು ನೋಡಬೇಕು. ಉತ್ತರ ಬೇಗ ಕೊಡುವ ಗಿಡ ಹೊಸಬರಿಗೆ ಬೇಗ ಕಲಿಸುತ್ತದೆ. ನನ್ನ ಅಳತೆಗೋಲು ಅದೊಂದೇ.

ಮೊದಲು ಫೈಕಸ್ ಮನೆತನದ ಒಳಜಗಳ ಮುಗಿಸೋಣ. ಜಿನ್ಸೆಂಗ್ ಗಿಡವನ್ನು ಬೀಜದಿಂದ ಬೆಳೆಸುತ್ತಾರೆ. ಊದಿದ ಬೇರನ್ನು ಮಣ್ಣಿನಿಂದ ಮೇಲೆತ್ತಿ ನೆಡುತ್ತಾರೆ. ಎಷ್ಟೋ ಸಲ ತಲೆ ಕತ್ತರಿಸಿ ಚಿಕ್ಕ ಎಲೆಯ ತಳಿಯನ್ನು ಕಸಿ ಕಟ್ಟಿರುತ್ತಾರೆ. ನೋಡಲು ಮಜವಾಗಿದೆ. ಗಟ್ಟಿಮುಟ್ಟಾಗಿಯೂ ಇದೆ, ಕಿಟಕಿ ಬೆಳಕಿನಲ್ಲೂ ಹೇಗೋ ಬದುಕುತ್ತದೆ. ಆದರೆ ಮರದ ಕಾಂಡ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ ಆಗಬೇಕು. ಇದರಲ್ಲಿ ಆ ಇಳಿಜಾರೇ ಇಲ್ಲ. ದಪ್ಪ ಬೇರು ಥಟ್ಟನೆ ಮುಗಿದು ಕಡ್ಡಿಯಂಥ ಕೊಂಬೆಗಳು ಶುರುವಾಗುತ್ತವೆ. ಎಷ್ಟು ಸವರಿದರೂ ಅದು ಮರದ ರೂಪಕ್ಕೆ ಬರದೆ ಹಟ ಹಿಡಿಯುತ್ತದೆ. ಕಸಿಯ ಕೆಳಗಿನಿಂದ ಚಿಗುರು ಬಂದರೆ ಅದರ ಎಲೆಯೇ ಬೇರೆ ಅಳತೆ. ಉಡುಗೊರೆ ಕೊಡಲು ಚೆನ್ನಾಗಿದೆ, ಕಲಿಯಲು ಅಲ್ಲ.

ಸಾದಾ ಫೈಕಸ್‌ನಲ್ಲಿ ನಾನು ತಂದದ್ದು ನರ್ಸರಿಯವರು ‘ಲಾಂಗ್ ಐಲ್ಯಾಂಡ್’ ಎನ್ನುವ ಕಿರು ಎಲೆಯ ತಳಿ. ಬೇಲಿಗೆ ಹಾಕುವ ಬೆಂಜಮಿನಾ ಕೂಡ ನಡೆಯುತ್ತದೆ, ಆದರೆ ಜಾಗ ಬದಲಿಸಿದರೆ ಅದಕ್ಕೆ ಸಿಟ್ಟು ಜಾಸ್ತಿ. ಮನೆಗೆ ತಂದ ವಾರದಲ್ಲೇ ಎಲೆ ಉದುರಿಸುತ್ತದೆ. ಗಾಬರಿಯಲ್ಲಿ ಜನ ಇನ್ನಷ್ಟು ನೀರು ಸುರಿಯುತ್ತಾರೆ, ಎಲೆ ಇಲ್ಲದ ಗಿಡ ಅಷ್ಟು ನೀರು ಕುಡಿಯಲಾರದೆ ಬೇರು ಕೊಳೆಯುತ್ತದೆ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ, ಸುಮ್ನೆ ಬಿಡಿ.

ಕಲಿಸುವ ವಿಷಯದಲ್ಲಿ ಈ ಸಾದಾ ಫೈಕಸ್‌ಗೆ ಸಾಟಿ ನನಗೆ ಸಿಕ್ಕಿಲ್ಲ. ಬೇಸಿಗೆಯ ಶುರುವಿನಲ್ಲಿ ಕೊಂಬೆ ಕತ್ತರಿಸಿದರೆ ಕೆಲವೇ ವಾರಗಳಲ್ಲಿ ಹಿಂದಿನ ಗಿಣ್ಣುಗಳಿಂದ ಚಿಗುರು ಒಡೆಯುತ್ತದೆ. ಬರೀ ಹಳೆಯ ಕಾಂಡದಿಂದಲೂ ಚಿಗುರುತ್ತದೆ, ಹಾಗಾಗಿ ತಪ್ಪು ಕೊಂಬೆ ಕತ್ತರಿಸಿದರೂ ಬೇರೆ ಕೊಂಬೆ ಬರುವ ದಾರಿ ಇರುತ್ತದೆ. ಗಾಯ ಬೇಗ ಮುಚ್ಚುತ್ತದೆ. ಒಂದಕ್ಕೊಂದು ಒತ್ತಿಕೊಂಡ ಬೇರು, ಕೊಂಬೆಗಳು ಕಾಲಕ್ರಮದಲ್ಲಿ ಬೆಸೆದು ಒಂದೇ ಆಗಿಬಿಡುತ್ತವೆ. ಮಳೆಗಾಲದ ತೇವಕ್ಕೆ ಬಿಳಲು ಇಳಿಯುವುದೂ ಉಂಟು. ಎಳೆ ಕೊಂಬೆಗೆ ಅಲ್ಯೂಮಿನಿಯಂ ತಂತಿ ಸುತ್ತಿದರೆ ಹೇಳಿದ ಹಾಗೆ ಬಗ್ಗುತ್ತದೆ. ಆದರೆ ಬೆಳೆಯುವ ವೇಗವೂ ಜೋರು. ತಂತಿ ತೆಗೆಯಲು ತಡ ಮಾಡಿದರೆ ತೊಗಟೆಯೊಳಗೆ ಹೂತು ಗುರುತು ಬಿಡುತ್ತದೆ. ಕತ್ತರಿಸಿದ ಕಡೆ ಬಿಳಿ ಹಾಲು ಸುರಿಯುತ್ತದೆ, ಅದು ಬಟ್ಟೆಗೆ ಅಂಟಿದರೆ ಹೋಗುವುದಿಲ್ಲ, ಕೆಲವರಿಗೆ ಚರ್ಮ ತುರಿಸುತ್ತದೆ.

ರೋಗ ಅಂತ ದೊಡ್ಡದೇನಿಲ್ಲ. ಎಲೆ ಉದ್ದಕ್ಕೆ ಮಡಚಿಕೊಂಡಿದ್ದರೆ ಬಿಡಿಸಿ ನೋಡಿ, ಒಳಗೆ ಪುಟ್ಟ ಕಪ್ಪು ಹುಳುಗಳು ಓಡಾಡುತ್ತಿರುತ್ತವೆ. ಅದು ಥ್ರಿಪ್ಸ್. ಅಂಥ ಎಲೆಗಳನ್ನು ಕಿತ್ತು ದೂರ ಎಸೆದರೆ ನಮ್ಮ ಬಾಲ್ಕನಿ ಮಟ್ಟಿಗೆ ಅಷ್ಟೇ ಸಾಕಾಗುತ್ತದೆ.

ಈಗ ಜೇಡ್. ನರ್ಸರಿಯಲ್ಲಿ ಈ ಹೆಸರಿಗೆ ಎರಡು ಗಿಡ ಸಿಗುತ್ತವೆ. ದೊಡ್ಡ ದಪ್ಪ ಎಲೆಯದು ಕ್ರಾಸುಲಾ. ಕಾಳಿನಷ್ಟು ಚಿಕ್ಕ ಎಲೆ, ಕೆಂಪು ಮಿಶ್ರಿತ ಕಂದು ಕಡ್ಡಿ ಇರುವುದು ಪೋರ್ಚುಲಕೇರಿಯಾ. ನಿಮಗೆ ಬೇಕಾದದ್ದು ಎರಡನೆಯದು. ದಕ್ಷಿಣ ಆಫ್ರಿಕಾದ ಒಣ ಕಾಡಿನ ಗಿಡ, ಅಲ್ಲಿ ಆನೆಗಳು ಇದನ್ನು ಮೇಯುತ್ತವೆ. ಆನೆ ಮುರಿದು ಹಾಕಿದ ತುಂಡೂ ಬೇರು ಬಿಡುವಂಥ ಗಿಡ ಇದು. ಕೊಂಬೆ ಕತ್ತರಿಸಿ, ಕೆಲವು ದಿನ ನೆರಳಿನಲ್ಲಿಟ್ಟು ಗಾಯ ಒಣಗಿಸಿ, ಮರಳು ಜಾಸ್ತಿ ಇರುವ ಮಣ್ಣಿಗೆ ಚುಚ್ಚಿದರೆ ಆಯಿತು. ಒಂದು ಗಿಡ ತಂದವರ ಮನೆಯಲ್ಲಿ ವರ್ಷ ಕಳೆಯುವುದರೊಳಗೆ ಹಂಚಲು ಗಿಡಗಳಿರುತ್ತವೆ.

ನೀರಿನ ವಿಷಯದಲ್ಲಿ ಜೇಡ್ ಮತ್ತು ಫೈಕಸ್ ಎರಡು ಧ್ರುವ. ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ, ಅಗಲ ಟ್ರೇಯಲ್ಲಿರುವ ಫೈಕಸ್‌ಗೆ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೀರು ಬೇಕಾಗುತ್ತದೆ. ದಸರಾ ರಜೆಗೆ ಊರಿಗೆ ಹೊರಟರೆ ಪಕ್ಕದ ಮನೆ ಆಂಟಿಗೆ ಕೀಲಿ ಕೊಟ್ಟೇ ಹೋಗಬೇಕು. ಜೇಡ್‌ಗೆ ಆ ತಲೆನೋವಿಲ್ಲ. ವಾರ ನೀರಿಲ್ಲದಿದ್ದರೂ ಎಲೆ ಸ್ವಲ್ಪ ಸುಕ್ಕಾಗುತ್ತದೆ, ನೀರು ಹಾಕಿದರೆ ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು ಕೊಲ್ಲುವುದು ಪ್ರೀತಿ. ದಿನಾ ನೀರು ಹಾಕುವ ಕೈಗೆ ಸಿಕ್ಕರೆ ಬುಡ ಮೆತ್ತಗಾಗಿ ಎಲೆ ಪೂರ್ತಿ ಉದುರುತ್ತದೆ. ಮಂಗಳೂರು, ಶಿವಮೊಗ್ಗ ಕಡೆಯವರು ಮಳೆಗಾಲ ಪೂರ್ತಿ ಇದನ್ನು ಸೂರಿನ ಕೆಳಗೆ ಇಡಲೇಬೇಕು. ಅದೇ ಮಳೆಯಲ್ಲಿ ಫೈಕಸ್ ನೆಂದು ಕುಣಿಯುತ್ತದೆ.

ಕತ್ತರಿಗೂ ಜೇಡ್ ಚೆನ್ನಾಗಿ ಸ್ಪಂದಿಸುತ್ತದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಇರುತ್ತವೆ, ಒಂದು ಜೋಡಿಯ ಮೇಲೆ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ಚಿಗುರು. ಒಂದನ್ನು ಉಳಿಸಿ ಇನ್ನೊಂದನ್ನು ತೆಗೆದರೆ ಕೊಂಬೆಯ ದಿಕ್ಕು ನಿಮ್ಮ ಕೈಯಲ್ಲಿ. ತಂತಿಯ ಕೆಲಸ ಮಾತ್ರ ಕಷ್ಟ. ಕೊಂಬೆಯೊಳಗೆ ನೀರೇ ತುಂಬಿರುವುದರಿಂದ ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ಮುಂಚೆ ಕೆಲವು ದಿನ ನೀರು ನಿಲ್ಲಿಸಿದರೆ ಸ್ವಲ್ಪ ಬಳುಕುತ್ತದೆ. ಮತ್ತೆ, ಎಷ್ಟೇ ದಪ್ಪ ಬಂದರೂ ಅದು ಮೆದು ಕಾಂಡದ ಗಿಡ. ನಮ್ಮ ರಸ್ತೆಬದಿಯ ಮರ ಚಿಕ್ಕದಾಗಿ ನಿಂತಂತೆ ಅನ್ನಿಸುವುದಿಲ್ಲ. ನನಗೆ ಅದು ದೊಡ್ಡ ಕೊರತೆ, ನಿಮಗೆ ಇರಲಿಕ್ಕಿಲ್ಲ.

ಕಾಗದದ ಹೂವಿನ ಪಕ್ಷಪಾತಿಗಳು ನನ್ನ ಮೇಲೆ ಮುನಿಸಿಕೊಳ್ಳಬಹುದು. ಬಣ್ಣಕ್ಕೆ ಅದರ ಮುಂದೆ ಯಾವುದೂ ಇಲ್ಲ. ಹಳೇ ಬೇಲಿ ತೆಗೆಯುವಾಗ ಸಿಗುವ ದಪ್ಪ ಬೊಡ್ಡೆಯನ್ನು ನೆಟ್ಟರೂ ಚಿಗುರುವ ಛಲ ಅದಕ್ಕಿದೆ. ಅಂದರೆ ಮೊದಲ ದಿನವೇ ವಯಸ್ಸಾದ ಕಾಂಡ ಕೈಗೆ ಬರುತ್ತದೆ. ಆದರೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿಲ್ಲದಿದ್ದರೆ ಬರೀ ಎಲೆ. ನಮ್ಮ ಬಾಲ್ಕನಿಯಲ್ಲಿ ಹೂವಿಲ್ಲದೆ ಮುನಿದಿದ್ದ ಗಿಡ ತಾರಸಿಗೆ ಹತ್ತಿದ ಮೇಲೆ ತುಂಬಿ ಹೂ ಬಿಟ್ಟಿತು. ಮಣ್ಣು ಸ್ವಲ್ಪ ಒಣಗಿಸಿ ನೀರು ಕೊಡುವ ಲೆಕ್ಕ ಕಲಿಯಬೇಕು, ನೀರು ಜಾಸ್ತಿಯಾದರೆ ಮತ್ತೆ ಎಲೆಯೇ. ಮುಳ್ಳು ಚುಚ್ಚುತ್ತದೆ, ಬಲಿತ ಕೊಂಬೆ ಬಗ್ಗುವುದಿಲ್ಲ, ಕುಂಡ ಬದಲಿಸುವಾಗ ಬೇರು ಒರಟಾಗಿ ಮುಟ್ಟಿದರೆ ಗಿಡ ಬಾಡಿಬಿಡುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ತಾರಸಿ ಇರುವವರಿಗೆ ನಾನು ಇದನ್ನೇ ಫೈಕಸ್‌ಗೆ ಸರಿಸಮ ಎಂದು ಹೇಳುತ್ತೇನೆ. ಫ್ಲಾಟಿನಲ್ಲಿ ಇರುವವರಿಗೆ ಬೇಡ.

ಜುನಿಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರಗಳಲ್ಲಿ ಕಾಣುವ ‘ನಿಜವಾದ’ ಬೋನ್ಸಾಯ್ ಅದೇ ಎಂದು ಅನೇಕರು ಅದನ್ನು ಹುಡುಕುತ್ತಾರೆ. ಚಳಿಗಾಲದಲ್ಲಿ ನಿದ್ದೆ ಮಾಡುವ ಜಾತಿ ಅದು, ಮನೆಯೊಳಗೆ ಬಾಳುವುದಿಲ್ಲ. ಹಸಿರು ಉಳಿಸದೆ ಕೊಂಬೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬೇರು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ನಾವು ನೀರು ಹಾಕುತ್ತಲೇ ಇರುತ್ತೇವೆ! ಬೆಂಗಳೂರಿನಲ್ಲಿ ಚೆನ್ನಾಗಿ ಬೆಳೆಸುವವರು ಇದ್ದಾರೆ, ಆದರೆ ಅವರ ಮೊದಲ ಗಿಡ ಅದಾಗಿರಲಿಕ್ಕಿಲ್ಲ.

ಪಟ್ಟಿಯ ಹೊರಗಿನ ಎರಡು ಮಾತು. ಗೋಡೆ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿ ಬಿಟ್ಟಿ ಸಿಗುತ್ತದೆ, ಆಸೆ ಆಗುವುದು ಸಹಜ. ಬದುಕುವುದರಲ್ಲಿ ಸಂಶಯವಿಲ್ಲ, ಆದರೆ ಎಲೆ ದೊಡ್ಡದು, ತೊಟ್ಟು ಉದ್ದ. ಪುಟ್ಟ ಮರದ ಮೇಲೆ ಅದು ಕೂರುವುದಿಲ್ಲ. ಜೊತೆಗೆ ಮನೆಯಲ್ಲಿ ಅರಳಿ ಇಡಬಾರದು ಎನ್ನುವ ಹಿರಿಯರಿದ್ದರೆ ಆ ಜಗಳ ಬೇರೆ. ನಮ್ಮತ್ತೆ ಅಂತೂ ಫೈಕಸ್ ನೋಡಿಯೇ, ‘ಬೆಳೆಯೋ ಮರಾನ ಹಿಂಗ್ಯಾಕಮ್ಮಾ ಉಪವಾಸ ಕೆಡವಿದ್ದೀಯಾ?’ ಎಂದಿದ್ದರು. ಬೋನ್ಸಾಯ್ ಚಿಕ್ಕದಾಗಿರುವುದು ಉಪವಾಸದಿಂದಲ್ಲ, ಕತ್ತರಿಯಿಂದ. ಬೇವಿನ ಹಿಂಡಿ, ಎರೆಗೊಬ್ಬರ ಎರಡೂ ಹೊತ್ತಿಗೆ ಸರಿಯಾಗಿ ಸಿಗುತ್ತದೆ ಎಂದು ತೋರಿಸಿದ ಮೇಲೆ ಅವರೇ ನೀರು ಹಾಕಲು ಶುರು ಮಾಡಿದರು.

ಎರಡನೆಯದು ಹುಣಸೆ. ಹಣ್ಣು ಬಿಡಿಸುವಾಗ ಬಿದ್ದ ಬೀಜ ಸಾಕು. ಕಿರು ಎಲೆ, ಬೇಗ ಒರಟಾಗುವ ತೊಗಟೆ, ಊರ ಹೊರಗಿನ ರಸ್ತೆ ನೆನಪಿಸುವ ರೂಪ. ಸಂಜೆ ಎಲೆ ಮಡಚಿದ್ದನ್ನು ನೋಡಿ ಬಾಡಿತು ಎಂದುಕೊಳ್ಳಬೇಡಿ, ಬೆಳಿಗ್ಗೆ ತೆರೆಯುತ್ತದೆ. ಆದರೆ ತುಂಬ ನಿಧಾನ. ಇದನ್ನು ಫೈಕಸ್ ಜೊತೆಗೇ ಬಿತ್ತಿಬಿಡಿ, ಫೈಕಸ್ ಮೇಲೆ ಕೈ ಪಳಗುವ ಹೊತ್ತಿಗೆ ಇದು ತಯಾರಾಗಿರುತ್ತದೆ.

ಹಾಗಾದರೆ ಯಾರಿಗೆ ಯಾವುದು? ದಿನಾ ಗಿಡ ಮುಟ್ಟದೆ ಇರಲಾಗದವರಿಗೆ ಸಾದಾ ಫೈಕಸ್. ವಾರಕ್ಕೆ ನಾಲ್ಕು ದಿನ ಮನೆಯಲ್ಲಿರದವರಿಗೆ ಜೇಡ್. ಎರಡರಲ್ಲೊಂದೇ ಎಂದು ಒತ್ತಾಯಿಸಿದರೆ ಫೈಕಸ್, ಏಕೆಂದರೆ ಅದರಲ್ಲಿ ಕಲಿತ ತಂತಿ, ಬೇರು, ನೀರಿನ ಪಾಠ ಬೇರೆ ಮರಗಳಿಗೂ ಹೊಂದುತ್ತದೆ. ಜೇಡ್‌ನಲ್ಲಿ ಕಲಿತದ್ದು ಹೆಚ್ಚಾಗಿ ಜೇಡ್‌ಗೇ.

ಕೊಳ್ಳುವಾಗ ಎಲೆ ನೋಡಬೇಡಿ, ಬುಡ ನೋಡಿ. ಚೀಲದ ಮೇಲ್ಮಣ್ಣನ್ನು ಬೆರಳಿನಿಂದ ಸರಿಸಿ, ಬೇರು ಸುತ್ತಲೂ ಹರಡಿದೆಯೋ ಒಂದೇ ಕಡೆ ಇದೆಯೋ ಗಮನಿಸಿ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಹೀಗೆ ಸಾಲು ಸಾಲು ಕೆದಕಿ ನೋಡಬಹುದು, ಕೇಳಿ ಮುಟ್ಟಿದರೆ ಆಯಿತು. ಮೇಲೆ ಬಿಳಿ ಕಲ್ಲು ಅಂಟಿಸಿದ ಗಿಡ ಮಾತ್ರ ಬೇಡ. ಗೋಂದಿನಿಂದ ಅಂಟಿಸಿದ ಆ ಕಲ್ಲಿನ ಪದರ ನೀರನ್ನು ಒಳಗೆ ಬಿಡುವುದಿಲ್ಲ, ಬೇರನ್ನೂ ಮುಚ್ಚಿಡುತ್ತದೆ.

ತಂದ ಕೂಡಲೇ ಟ್ರೇಗೆ ಹಾಕಬೇಡಿ. ಚಪ್ಪಟೆ ಟ್ರೇಯಲ್ಲಿ ಕಾಂಡ ದಪ್ಪವಾಗುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮೊದಲ ವರ್ಷ ಚೀಲದಲ್ಲೋ ದೊಡ್ಡ ಮಣ್ಣಿನ ಕುಂಡದಲ್ಲೋ ಇರಲಿ. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಕೆಮ್ಮಣ್ಣು, ಎರೆಗೊಬ್ಬರ ಬೆರೆಸಿ, ಜರಡಿ ಹಿಡಿದು ಪುಡಿ ದೂಳನ್ನು ಪೂರ್ತಿ ತೆಗೆದುಬಿಡಿ. ಜೇಡ್‌ಗಾದರೆ ಮರಳು ಇನ್ನೊಂದು ಪಾಲು ಜಾಸ್ತಿ. ಟ್ರೇಗೆ ಇಡಬೇಕಿದ್ದ ದುಡ್ಡಿನಲ್ಲಿ ಒಂದು ಒಳ್ಳೆಯ ಕತ್ತರಿ ಬರುತ್ತದೆ, ಮೊದಲು ಅದನ್ನು ತಗೊಳ್ಳಿ.